ಹರಾಜಿನ ಮನೆಯೂ ಬೀಗದ ಕೈಯೂ

ಕಳೆದ ವಾರ ನಮ್ಮ ಕಚೇರಿಗೆ ವೃದ್ಧರಾದ ಗೃಹಸ್ಥರೊಬ್ಬರು ಬಂದಿದ್ದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತರಾದವರು. ಅವರ ಕೈಯಲ್ಲಿ ನಮ್ಮ ಪತ್ರಿಕೆಯಿಂದಲೇ ಕತ್ತರಿಸಿ ಜೋಪಾನವಾಗಿ ಮಡಿಸಿಟ್ಟಿದ್ದ ಕಾಗದದ ತುಂಡೊಂದಿತ್ತು. ಬ್ಯಾಂಕೊಂದರ ಹರಾಜು ಪ್ರಕಟಣೆ ಅದು. ಅದನ್ನು ಓದಿ ಅವರು ತಮ್ಮ ನಿವೃತ್ತಿಯ ಹಣಕ್ಕೆ ಪತ್ನಿಯ ಒಡವೆಗಳಿಂದ ಬಂದ ಹಣವನ್ನೂ ಕೂಡಿಸಿ ಮನೆಯೊಂದನ್ನು ಸವಾಲಿನಲ್ಲಿ ಹಿಡಿದರು. ಹಣವನ್ನೆಲ್ಲ ಗಡುವಿಗೆ ಸರಿಯಾಗಿ ಕಟ್ಟಿದರು. ವಿಕ್ರಯದ ಪ್ರಮಾಣಪತ್ರವೂ ಕೈಗೆ ಬಂದಿತು. ಬಾರದೆ ಉಳಿದಿರುವುದು ಮನೆಯ ಬೀಗದ ಕೈ ಒಂದೇ. ಎರಡು ವರ್ಷಗಳು ಕಳೆದರೂ ಆ ಮನೆಯಲ್ಲಿ ಬೇರೊಬ್ಬರ ಒಲೆ ಉರಿಯುತ್ತಿದೆ. ಕೊಂಡವರು ಬಾಡಿಗೆಯ ಮನೆಯಲ್ಲಿದ್ದಾರೆ. “ಸ್ವಾಮಿ, ನಿಮ್ಮ ಪತ್ರಿಕೆಯಲ್ಲಿ ಬಂದದ್ದಲ್ಲವೆ, ಎಲ್ಲವೂ ಸರಿಯಾಗಿಯೇ ಇರಬೇಕೆಂದುಕೊಂಡೆ” ಎಂದರು. ಕೋಪವಿಲ್ಲದೆಯೇ ಆಡಿದರಾದುದರಿಂದ ಮಾತು ಇನ್ನೂ ಆಳಕ್ಕೆ ನಾಟಿತು.

ಬ್ಯಾಂಕಿನವರು ಸಾಲಗಾರನ ಆಸ್ತಿಯನ್ನು ಸ್ವಾಧೀನಪಡಿಸಿಕೊಂಡಾಗಲೂ ಹರಾಜಿಗೆ ಇಟ್ಟಾಗಲೂ ಆ ಸಂಗತಿಯನ್ನು ಎರಡು ಪ್ರಮುಖ ವೃತ್ತಪತ್ರಿಕೆಗಳಲ್ಲಿ, ಅವುಗಳಲ್ಲೊಂದು ದೇಶಭಾಷೆಯದಾಗಿರುವಂತೆ, ಪ್ರಕಟಿಸತಕ್ಕದ್ದೆಂದು ನಿಯಮವಿದೆ. ಆ ದೇಶಭಾಷೆಯ ಪತ್ರಿಕೆ ಅನೇಕ ವೇಳೆ ನಮ್ಮದಾಗಿರುತ್ತದೆ. ಅದಕ್ಕಾಗಿ ನಾವು ಶುಲ್ಕವನ್ನು ಪಡೆಯುತ್ತೇವೆ. ಪತ್ರಿಕೆಯ ಖರ್ಚನ್ನು ತೂಗಿಸುವುದರಲ್ಲಿ ಆ ಶುಲ್ಕದ ಪಾಲೂ ಉಂಟು. ಆದುದರಿಂದ ಈ ವಿಷಯದಲ್ಲಿ ನಾವು ದೂರ ನಿಂತ ಸಾಕ್ಷಿಗಳೆಂದು ಹೇಳಿಕೊಳ್ಳಲಾಗದು. ಶುಲ್ಕವನ್ನು ಪಡೆದವರು ಆ ಪ್ರಕಟಣೆಯ ಅರ್ಥವನ್ನಾದರೂ ವಾಚಕರಿಗೆ ತಿಳಿಸಬೇಕಾಗಿದ್ದಿತು. ಇಷ್ಟು ದಿನ ತಿಳಿಸಲಿಲ್ಲ. ಈ ಹೊತ್ತು ಆ ಬಾಕಿಯನ್ನು ತೀರಿಸಲು ಯತ್ನಿಸುತ್ತೇವೆ.

ಮನೆಗಳು ಹರಾಜಿಗೆ ಬರುವ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡೋಣ. ಸಾಲದ ಕಂತು 90 ದಿನಗಳಿಗೂ ಮಿಕ್ಕಿ ನಿಂತುಹೋದರೆ ಬ್ಯಾಂಕಿನವರು ಅದನ್ನು ಅನುತ್ಪಾದಕವೆಂದು ಬರೆಯುತ್ತಾರೆ. ಅನಂತರ 2002ನೆಯ ಇಸವಿಯ ಸರ್ಫೇಸಿ ಕಾನೂನಿನ ಮೇರೆಗೆ 60 ದಿನಗಳ ವಾಯಿದೆಯ ನೋಟೀಸು. ಆ ವಾಯಿದೆಯೊಳಗೆ ಹಣ ಬಾರದಿದ್ದರೆ ಸಿವಿಲ್ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತದೆಯೇ ಬ್ಯಾಂಕು ಅಡಮಾನದ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು, ಮಾರಲೂಬಹುದು. ಇದನ್ನು ಅನ್ಯಾಯವೆಂದು ನಾವು ಹೇಳುವುದಿಲ್ಲ. ಬ್ಯಾಂಕಿನಲ್ಲಿರುವ ಹಣ ಯಾರದು? 1928ರಲ್ಲಿ ನಮ್ಮ ಕರಾವಳಿಯ ಬ್ಯಾಂಕೊಂದು ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ಹೂಡಿ, ಮನೆಮನೆಗೂ ಅಂಗಡಿ ಅಂಗಡಿಗೂ ಹೋಗಿ ದಿನದ ಉಳಿತಾಯವನ್ನು ಬಿಡಿಕಾಸುಗಳಲ್ಲಿ ಕೂಡಿಹಾಕಿತು. ಅಂತಹ ಹಣವನ್ನು ಸಾಲವಾಗಿ ಪಡೆದವನು ಹಿಂದಿರುಗಿಸದೆ ಇದ್ದರೆ ಕೇಳದೆ ಬಿಡುವುದು ಧರ್ಮವಾಗದು. ನಮ್ಮ ಆಕ್ಷೇಪಣೆ ವಸೂಲಿಯ ಮೇಲಲ್ಲ. ವಸೂಲಿಯ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತಿದೆಯೆಂಬುದರ ಮೇಲೆ.

ಹರಾಜಿನ ಮನೆ ಅಗ್ಗವೆಂಬುದು ಲೋಕದ ನಂಬಿಕೆ. ಮೊದಲ ಹರಾಜಿಗೆ ಪ್ರಕಟಣೆಯಾದ ಮೇಲೆ 30 ದಿನಗಳಾದರೂ ಕಳೆಯಬೇಕು. ಅದರಲ್ಲಿ ಯಾರೂ ಕೊಳ್ಳಲು ಬಾರದಿದ್ದರೆ 15 ದಿನಗಳ ನೋಟೀಸಿನ ಮೇಲೆ ಮತ್ತೆ ಹರಾಜಿಡಬಹುದು. ಹಾಗೆ ಇಟ್ಟಾಗ ಮೀಸಲು ಬೆಲೆಯನ್ನು ಇಳಿಸುವುದೂ ಉಂಟು. ಪೇಟೆಯ ಬೆಲೆಗಿಂತ ಐದೋ ಹತ್ತೋ ಲಕ್ಷ ಕಡಿಮೆಯೆಂದು ಕಂಡೊಡನೆ ನಮ್ಮ ಗುಮಾಸ್ತರೂ ಉಪಾಧ್ಯಾಯರೂ ಸಣ್ಣ ವರ್ತಕರೂ ಆಸೆಗೊಳ್ಳುವುದು ಸಹಜ. ಆದರೆ ಬೆಲೆ ಏತಕ್ಕೆ ಕಡಿಮೆಯಾಯಿತೆಂದು ಕೇಳುವವರು ವಿರಳ. ಪ್ರಕಟಣೆಯ ಬುಡದಲ್ಲಿ, ಭೂತಕನ್ನಡಿ ಇಟ್ಟು ಓದಬೇಕಾದ ಅಕ್ಷರಗಳಲ್ಲಿ, ಅದಕ್ಕೆ ಉತ್ತರವಿರುತ್ತದೆ: ಆಸ್ತಿಯು ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ, ಏನಿದೆಯೋ ಅದರಂತೆಯೇ ಮಾರಲ್ಪಡುವುದು ಎಂದು. ಇದು ಮಾರುವವನು ತನ್ನ ಹೊರೆಯನ್ನು ಕೆಳಗಿಳಿಸುವ ಮಾತು. ಗೋಡೆ ಬಿರಿದಿದ್ದರೂ ಕೊಂಡವನದು, ಕಂದಾಯ ಬಾಕಿಯಿದ್ದರೂ ಕೊಂಡವನದು, ಒಳಗೆ ಜನರಿದ್ದರೆ ಆ ಜನರೂ ಕೊಂಡವನ ಪಾಲಿಗೇ ಎಂಬುದಾಗಿ ಅದರ ಅರ್ಥವನ್ನು ವಿಸ್ತರಿಸಿಕೊಳ್ಳಬೇಕು.

ಒಳಗಿನ ಜನರ ಮಾತೇ ಎಲ್ಲಕ್ಕಿಂತ ದೊಡ್ಡದು. ಸ್ವಾಧೀನದಲ್ಲಿ ಎರಡು ಬಗೆ. ಬ್ಯಾಂಕಿನ ಅಧಿಕಾರಿಗಳು ಮನೆಗೆ ಹೋಗಿ, ಇದ್ದವರನ್ನು ಬಿಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ತಾವೇ ಇಟ್ಟುಕೊಂಡರೆ ಅದು ಭೌತಿಕ ಸ್ವಾಧೀನ. ಬಾಗಿಲಿಗೆ ನೋಟೀಸನ್ನು ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ, ಹಿಂದಿರುಗಿ ಬಂದರೆ ಅದು ಸಾಂಕೇತಿಕ ಸ್ವಾಧೀನ. ಎರಡನೆಯದರಲ್ಲಿ ಮನೆಯೊಳಗೆ ಯಾವುದೂ ಕದಲಿರುವುದಿಲ್ಲ. ಸಾಲಗಾರನ ಮಕ್ಕಳು ಎಂದಿನಂತೆ ಅಲ್ಲಿಂದಲೇ ಶಾಲೆಗೆ ಹೋಗುತ್ತಿರುತ್ತಾರೆ. ಈ ಸಾಂಕೇತಿಕ ಸ್ವಾಧೀನದ ಮೇಲೆಯೇ ಹರಾಜು ಹಾಕುವುದು ವಾಡಿಕೆಯಾಗಿ ಬೆಳೆದುಬಂದಿದೆ. ನಮ್ಮ ಬಳಿಗೆ ಬಂದ ಉಪಾಧ್ಯಾಯರ ಕೈಯಲ್ಲಿದ್ದ ಪ್ರಕಟಣೆಯಲ್ಲಿಯೂ ಆ ಪದವಿತ್ತು. “ಸಂಕೇತವೆಂದರೆ ಏನೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು, ಅಲ್ಲಿ ಅದಕ್ಕೆ ಇಂತಹ ಅರ್ಥವಿದೆಯೆಂದು ಹೊಳೆಯಲಿಲ್ಲ” ಎಂದು ಅವರು ನಕ್ಕರು. ಆ ನಗೆಯನ್ನು ನೋಡುವುದು ಕಷ್ಟವಾಯಿತು.

ಹರಾಜಿನ ತರುವಾಯ ಬ್ಯಾಂಕಿನವರು ಜಿಲ್ಲಾಧಿಕಾರಿಗಳಿಗೋ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೋ ಅರ್ಜಿ ಕೊಟ್ಟು, ಮನೆಯನ್ನು ಬಿಡಿಸಿಕೊಡಲು ಸಹಾಯ ಬೇಡಬೇಕು. ಅರ್ಜಿ ಬಂದ 30 ದಿನಗಳೊಳಗೆ ಆಜ್ಞೆಯಾಗಬೇಕು. ಕಾರಣಗಳನ್ನು ಬರೆದಿಟ್ಟು ಒಟ್ಟು 60 ದಿನಗಳವರೆಗೆ ವಿಸ್ತರಿಸಬಹುದು ಎಂದು ಕಾನೂನು ಹೇಳುತ್ತದೆ. ಆದರೆ ಈ ಅವಧಿಯು ಮಾರ್ಗದರ್ಶಕವೇ ಹೊರತು, ಮೀರಿದರೆ ಅಧಿಕಾರವೇ ಅಳಿಯುವಂತಹುದಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿದೆ. ಆ ತೀರ್ಪಿನಿಂದ ಬ್ಯಾಂಕಿನ ಅರ್ಜಿಗಳು ಬಿದ್ದುಹೋಗದೆ ಉಳಿದುವೆಂಬುದು ಒಳ್ಳೆಯದೇ. ಆದರೆ ಕೊಂಡವನು ಪಂಚಾಂಗವನ್ನು ಹಿಡಿದು ದಿನಗಳನ್ನು ಎಣಿಸುವುದರಿಂದ ಪ್ರಯೋಜನವಿಲ್ಲವೆಂದೂ ಅದರಿಂದ ಗೊತ್ತಾಯಿತು. ಆಜ್ಞೆಯಾದ ಮೇಲೆ ಪೊಲೀಸಿನ ಬಂದೋಬಸ್ತಿಗೆ ದಿನ ಗೊತ್ತಾಗಬೇಕು. ಆ ದಿನ ಊರಿನಲ್ಲಿ ಜಾತ್ರೆಯೋ ಚುನಾವಣೆಯೋ ಬಂದರೆ ಮತ್ತೆ ಮುಂದಕ್ಕೆ. ನಮ್ಮ ವಾಚಕರಲ್ಲಿ ಕಂದಾಯ ಇಲಾಖೆಯ ಅಧಿಕಾರಿಗಳು ಅನೇಕರಿದ್ದಾರೆ. ಈ ಅರ್ಜಿಗಳ ಕಟ್ಟು ತಮ್ಮ ಮೇಜಿನ ಯಾವ ಮೂಲೆಯಲ್ಲಿದೆಯೆಂದು ಅವರು ಒಮ್ಮೆ ನೋಡಿದರೆ ಈ ಲೇಖನ ಅಷ್ಟರಮಟ್ಟಿಗೆ ಸಾರ್ಥಕ.

ಒಳಗಿರುವವರು ಯಾವಾಗಲೂ ಸಾಲಗಾರನ ಕುಟುಂಬದವರೇ ಆಗಿರುವರೆಂದು ತಿಳಿಯಬಾರದು. ಬೆಂಗಳೂರಿನಲ್ಲಿಯೂ ನಮ್ಮ ಇತರ ಪಟ್ಟಣಗಳಲ್ಲಿಯೂ ಮನೆಯನ್ನು ಭೋಗ್ಯಕ್ಕೆ ಹಾಕುವ ಪದ್ಧತಿಯುಂಟು. ತಿಂಗಳ ಬಾಡಿಗೆಗೆ ಬದಲಾಗಿ ಐದು ಲಕ್ಷವನ್ನೋ ಹತ್ತು ಲಕ್ಷವನ್ನೋ ಒಟ್ಟಿಗೆ ಒಡೆಯನಿಗೆ ಕೊಟ್ಟು ಎರಡು ಮೂರು ವರ್ಷ ವಾಸವಾಗಿದ್ದು, ಬಿಡುವಾಗ ಆ ಹಣವನ್ನು ಹಿಂದಕ್ಕೆ ಪಡೆಯುವುದು. ಬಡ ಸಂಸಾರಗಳು ಬಾಡಿಗೆಯ ಕಾಟ ತಪ್ಪಲೆಂದು ಊರಿನ ಹೊಲವನ್ನು ಮಾರಿ ತಂದ ಹಣವನ್ನು ಹೀಗೆ ಕೊಟ್ಟಿರುತ್ತಾರೆ. ಮನೆ ಆಗಲೇ ಬ್ಯಾಂಕಿಗೆ ಅಡಮಾನವಾಗಿದೆಯೆಂದು ಅವರಿಗೆ ಹೇಳುವವರಿಲ್ಲ. ಕರಾರೂ ಬಹುಮಟ್ಟಿಗೆ ಛಾಪಾ ಕಾಗದದ ಮೇಲಿನ ಬರವಣಿಗೆಯೇ ಹೊರತು ರಿಜಿಸ್ಟರಾದುದಲ್ಲ. ಅಡಮಾನವಾದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ, ರಿಜಿಸ್ಟರಾಗದೆ ಹೀಗೆ ಸೇರಿಕೊಂಡವರಿಗೆ ಕಾನೂನಿನಲ್ಲಿ ನಿಲ್ಲಲು ನೆಲ ಬಹಳ ಕಡಿಮೆ. 2016ರ ತಿದ್ದುಪಡಿಯಿಂದ ಬಾಡಿಗೆದಾರರೂ ಭೋಗ್ಯದಾರರೂ ಸಾಲ ವಸೂಲಿ ನ್ಯಾಯಾಧಿಕರಣದ ಮುಂದೆ ತಮ್ಮ ಹಕ್ಕನ್ನು ಹೇಳಿಕೊಳ್ಳಲು ಅವಕಾಶವಾಗಿದೆ. ಅಡಮಾನಕ್ಕೆ ಮುಂಚೆಯೇ ನ್ಯಾಯವಾಗಿ ಬಂದವರಿಗೆ ಅದರಿಂದ ರಕ್ಷಣೆ ದೊರೆಯಬಹುದು. ಉಳಿದವರು ಹೊರಡಬೇಕಾದೀತು. ಆದರೆ ಹತ್ತು ಲಕ್ಷವನ್ನು ಕಳೆದುಕೊಂಡ ಹೆಂಗಸು, ಕೈಗೂಸನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತು, “ನಮ್ಮ ದುಡ್ಡು ಕೊಡಿಸಿ, ಈಗಲೇ ಹೋಗುತ್ತೇವೆ” ಎಂದರೆ ಅವಳಿಗೆ ಉತ್ತರ ಹೇಳಬೇಕಾದವರು ಯಾರು? ಒಡೆಯನು ತಲೆ ಮರೆಸಿಕೊಂಡಿರುತ್ತಾನೆ. ಬ್ಯಾಂಕು ತನ್ನ ಹಣವನ್ನು ಎಣಿಸಿಕೊಂಡಾಗಿದೆ. ಅಲ್ಲಿಗೆ ಹೋಗಿ ನಿಲ್ಲುವವನು ಹರಾಜಿನಲ್ಲಿ ಕೊಂಡವನು. ಎರಡು ಬಡ ಸಂಸಾರಗಳನ್ನು ಒಂದೇ ಬಾಗಿಲಿಗೆ ತಂದು ಎದುರುಬದುರು ನಿಲ್ಲಿಸಿದ ಹಾಗಾಯಿತು.

ಆದುದರಿಂದ ಸವಾಲಿಗೆ ಹೋಗುವ ಮುಂಚೆ ಮನೆಯನ್ನು ಕಣ್ಣಾರೆ ನೋಡಬೇಕು. ಹಗಲಿನಲ್ಲಿ ಒಮ್ಮೆ, ದೀಪ ಹೊತ್ತಿಸುವ ಹೊತ್ತಿನಲ್ಲಿ ಒಮ್ಮೆ. ನೆರೆಹೊರೆಯವರನ್ನೂ ಬೀದಿಯ ಕೊನೆಯ ಅಂಗಡಿಯವನನ್ನೂ ಮಾತನಾಡಿಸಬೇಕು. ಬ್ಯಾಂಕಿನ ಕಡತಕ್ಕಿಂತ ಆ ಅಂಗಡಿಯವನಿಗೆ ಹೆಚ್ಚು ಗೊತ್ತಿರುತ್ತದೆ. ಒಳಗಿರುವವರು ಯಾರು, ಎಂದಿನಿಂದ, ಯಾವ ಹಕ್ಕಿನಿಂದ ಎಂಬುದು ತಿಳಿಯದಿದ್ದರೆ ಆ ಮನೆಯನ್ನು ಬಿಟ್ಟುಬಿಡುವುದೇ ಲೇಸು.

ಇನ್ನು ಹಣದ ಗಡುವು. ಸವಾಲಿನಲ್ಲಿ ಸೇರಲು ಮೀಸಲು ಬೆಲೆಯ ಹತ್ತರಲ್ಲೊಂದು ಪಾಲನ್ನು ಮುಂಗಡವಾಗಿ ಕೇಳುವುದು ವಾಡಿಕೆ. ಮನೆ ನಿಮ್ಮ ಹೆಸರಿಗೆ ನಿಂತಿತೆಂದರೆ ಅದೇ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಮುಂಗಡವೂ ಸೇರಿ ಬೆಲೆಯ ನಾಲ್ಕನೆಯ ಒಂದು ಪಾಲನ್ನು ಕಟ್ಟಬೇಕು. ವಿಕ್ರಯ ಸ್ಥಿರವಾದ 15 ದಿನಗಳೊಳಗೆ ಉಳಿದ ಮುಕ್ಕಾಲು ಪಾಲು. ಬರವಣಿಗೆಯಲ್ಲಿ ಒಪ್ಪಿದರೆ ಗಡುವನ್ನು ಮೂರು ತಿಂಗಳವರೆಗೆ ಬೆಳೆಸಬಹುದು, ಅದಕ್ಕಿಂತ ಹೆಚ್ಚಿಲ್ಲ. 60 ಲಕ್ಷಕ್ಕೆ ಸವಾಲು ಹಿಡಿದವನು ಮೊದಲ ದಿನವೇ 15 ಲಕ್ಷವನ್ನು ಇಟ್ಟು, ಹದಿನೈದು ದಿನಗಳಲ್ಲಿ 45 ಲಕ್ಷವನ್ನು ತರಬೇಕಾಯಿತು. ಇನ್ನೊಂದು ಬ್ಯಾಂಕಿನಿಂದ ಗೃಹಸಾಲ ತೆಗೆದು ಕಟ್ಟೋಣವೆಂದು ನಂಬಿ ಹೋದವರು ಆ ಬ್ಯಾಂಕಿನ ವಕೀಲರು ಕಾಗದಗಳನ್ನು ಓದಿ ಮುಗಿಸುವುದರೊಳಗಾಗಿ ಗಡುವನ್ನು ಕಳೆದುಕೊಂಡಿರುತ್ತಾರೆ.

ಕಳೆದುಕೊಂಡರೆ ಏನಾಗುವುದೆಂಬುದಕ್ಕೆ 2024ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ನೋಡಬೇಕು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದವರ ಹರಾಜೊಂದರಲ್ಲಿ ಕೊಂಡವರು ನಾಲ್ಕನೆಯ ಪಾಲಾಗಿ ಸುಮಾರು 3 ಕೋಟಿ 6 ಲಕ್ಷ ರೂಪಾಯಿಗಳನ್ನು ಕಟ್ಟಿ, ಉಳಿದ ಹಣವನ್ನು ಹೊಂದಿಸಲಾರದೆ ಹೋದರು. ಬ್ಯಾಂಕು 55 ಲಕ್ಷವನ್ನು ಇಟ್ಟುಕೊಂಡು ಮಿಕ್ಕುದನ್ನು ಹಿಂದಿರುಗಿಸಿದರೆ ಸಾಕೆಂದು ಮದರಾಸಿನ ಉಚ್ಚ ನ್ಯಾಯಾಲಯವು ಹೇಳಿದ್ದಿತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಪೂರ್ತಿ ನಾಲ್ಕನೆಯ ಪಾಲನ್ನು ಮುಟ್ಟುಗೋಲು ಹಾಕಿಕೊಳ್ಳಲು ನಿಯಮ ಅವಕಾಶವೀಯುತ್ತದೆಂದು ತೀರ್ಮಾನಿಸಿತು. ಸುಳ್ಳು ಸವಾಲು ಕೂಗಿ ಹರಾಜನ್ನು ಕೆಡಿಸುವವರಿಗೆ ಇಂತಹ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಅದೇ ಅಲಗು ಗುಮಾಸ್ತನ ಹದಿನೈದು ಲಕ್ಷದ ಮೇಲೆಯೂ ಬೀಳುತ್ತದೆ. ಹಣವನ್ನು ಕೈಯಲ್ಲಿಟ್ಟುಕೊಳ್ಳದೆ ಸವಾಲು ಕೂಗಲೇಬಾರದು.

ಕಾಗದಪತ್ರಗಳ ವಿಷಯವನ್ನು ವಕೀಲರು ಹೇಳುವರಾದುದರಿಂದ ನಾವು ಬೆಳೆಸುವುದಿಲ್ಲ. ಋಣಭಾರ ಪತ್ರವನ್ನು ಮೂವತ್ತು ವರ್ಷಗಳಿಗೆ ತೆಗೆಸತಕ್ಕದ್ದು. ಒಡಹುಟ್ಟಿದವರಲ್ಲೊಬ್ಬನು ಪಿತ್ರಾರ್ಜಿತವನ್ನು ಅಡವಿಟ್ಟಿದ್ದರೆ ಉಳಿದವರ ಪಾಲು ಏನಾಯಿತೆಂದು ವಿಚಾರಿಸಬೇಕು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲುಂಟೆಂಬುದನ್ನು ಮರೆತು ಸಾಲ ಕೊಟ್ಟ ಬ್ಯಾಂಕುಗಳೂ ಇವೆ, ಕೊಂಡು ಕೆಟ್ಟವರೂ ಇದ್ದಾರೆ. ಕೃಷಿಭೂಮಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಪರಿವರ್ತನೆಯಾಗದ ಭೂಮಿಯ ಮೇಲೆ ಎದ್ದ ಮನೆಯಾದರೆ ಹರಾಜಿನ ಬುಡವೇ ಅಲುಗಾಡಬಹುದು. ಖಾತೆ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಬೆಲೆ 50 ಲಕ್ಷಕ್ಕೆ ಕಡಿಮೆಯಿಲ್ಲದಿದ್ದರೆ ಶೇಕಡಾ 1ರಂತೆ ವರಮಾನ ತೆರಿಗೆಯನ್ನು ಮುರಿದು ಕಟ್ಟುವ ಹೊಣೆ ಕೊಂಡವನ ಮೇಲಿದೆ. ಕಂದಾಯ, ನೀರು, ವಸತಿ ಸಮುಚ್ಚಯವಾದರೆ ನಿವಾಸಿಗಳ ಸಂಘದ ಬಾಕಿ, ಇವುಗಳ ಲೆಕ್ಕವನ್ನು ಬೆಲೆಗೆ ಸೇರಿಸಿಕೊಂಡೇ ಸವಾಲು ಕೂಗಬೇಕು. ಹಳೆಯ ಒಡೆಯನ ವಿದ್ಯುಚ್ಛಕ್ತಿಯ ಬಾಕಿಯನ್ನು ಹೊಸ ಸಂಪರ್ಕ ಬೇಡುವ ಕೊಳ್ಳುವವನಿಂದ ಕೇಳಬಹುದೆಂದು, ಅಂತಹ ನಿಯಮವಿರುವ ಕಡೆಗಳಲ್ಲಿ ಅದು ಸಲ್ಲುವುದೆಂದು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಉರಿಸಿದವನೊಬ್ಬ, ತೆತ್ತವನೊಬ್ಬ.

ಬ್ಯಾಂಕಿಗೆ ತಿಳಿದಿರುವ ಋಣಭಾರಗಳನ್ನು ಹರಾಜಿನ ಪ್ರಕಟಣೆಯಲ್ಲಿ ಕಾಣಿಸತಕ್ಕದ್ದೆಂದು ನಿಯಮವಿದೆ. ನಮ್ಮಲ್ಲಿಗೆ ಬರುವ ಪ್ರಕಟಣೆಗಳಲ್ಲಿ ಆ ಕಲಮಿನ ಎದುರು “ತಿಳಿದಿಲ್ಲ” ಎಂಬ ಒಂದೇ ಮಾತನ್ನು ನಾವು ಎಷ್ಟು ಸಲ ಅಚ್ಚು ಮಾಡಿದ್ದೇವೆಯೋ ಲೆಕ್ಕವಿಲ್ಲ. ಸಾಲ ಕೊಡುವಾಗ ಅರ್ಜಿದಾರನ ವಂಶವೃಕ್ಷವನ್ನೂ ಸಂಬಳದ ಚೀಟಿಯನ್ನೂ ಕೇಳಿದವರಿಗೆ, ಮನೆಯನ್ನು ಮಾರುವಾಗ ಒಳಗೆ ಯಾರಿದ್ದಾರೆಂಬುದು ಸಹ ತಿಳಿಯದೆ ಹೋಗುವುದು ಆಶ್ಚರ್ಯ. ತಿಳಿಯದಿರುವುದು ಒಂದು, ತಿಳಿಯಲು ಯತ್ನಿಸದಿರುವುದು ಮತ್ತೊಂದು. ನಿಯಮವು ಎರಡನೆಯದನ್ನು ಕೇಳುವುದಿಲ್ಲ. ಕೇಳುವಂತೆ ತಿದ್ದಬೇಕು.

ಹಣ ಕಟ್ಟಿದ ಮೇಲೂ ವ್ಯಾಜ್ಯ ತಪ್ಪಿದ್ದಲ್ಲ. ಬ್ಯಾಂಕಿನ ಕ್ರಮದಿಂದ ನೊಂದವನು 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಾಧಿಕರಣಕ್ಕೆ ಹೋಗಬಹುದು. ನೋಟೀಸು ಕೊಟ್ಟ ಬಗೆಯಲ್ಲಿ, ದಿನಗಳ ಎಣಿಕೆಯಲ್ಲಿ, ಬೆಲೆ ಕಟ್ಟಿದ ರೀತಿಯಲ್ಲಿ ಬ್ಯಾಂಕು ತಪ್ಪಿದ್ದರೆ ಹರಾಜೇ ರದ್ದಾಗಬಹುದು. ತಪ್ಪು ಬ್ಯಾಂಕಿನದು, ಕಳೆದುಕೊಳ್ಳುವವನು ಕೊಂಡವನು. ಅವನ ಹಣ ಹಿಂದಿರುಗಿ ಬಂದೀತು, ಅಷ್ಟರಲ್ಲಿ ಹೋದ ವರ್ಷಗಳು ಬರಲಾರವು. ನಮ್ಮ ರಾಜ್ಯಕ್ಕೆ ಈ ನ್ಯಾಯಾಧಿಕರಣದ ಪೀಠಗಳು ಬೆಂಗಳೂರಿನಲ್ಲಿ ಎರಡೇ. ಬೀದರದವನೂ ಕಾರವಾರದವನೂ ಅಲ್ಲಿಗೇ ಬರಬೇಕು. ಅದರ ಮೇಲಿನ ಅಪೀಲಿಗೆ ಚೆನ್ನೈಗೆ ಹೋಗಬೇಕು! ಕನ್ನಡಿಗನು ಕನ್ನಡ ನಾಡಿನಲ್ಲಿರುವ ಮನೆಯ ವಿಷಯದಲ್ಲಿ ನ್ಯಾಯ ಕೇಳಲು ಪರರಾಜ್ಯದ ರಾಜಧಾನಿಗೆ ರೈಲು ಹತ್ತಬೇಕಾದ ಈ ಏರ್ಪಾಡನ್ನು ನಮ್ಮ ಪ್ರತಿನಿಧಿಗಳು ಸಂಸತ್ತಿನಲ್ಲಿ ಪ್ರಸ್ತಾಪಿಸುವುದು ಯಾವಾಗ?

ಕೊಳ್ಳುವವರಿಗೆ ಅನುಕೂಲವಾದ ಒಂದು ಬದಲಾವಣೆಯನ್ನೂ ಹೇಳಬೇಕು. ಮೊದಲು ಸಾಲಗಾರನು ವಿಕ್ರಯದ ದಿನದವರೆಗೂ ಬಾಕಿಯನ್ನು ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದಾಗಿದ್ದಿತು. 2016ರ ತಿದ್ದುಪಡಿಯಿಂದ ಹರಾಜಿನ ಪ್ರಕಟಣೆ ಹೊರಬೀಳುವುದರೊಂದಿಗೆ ಆ ಹಕ್ಕು ಮುಗಿಯುತ್ತದೆ; 2023ರ ಸೆಪ್ಟೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿ, ಹರಾಜಿನ ತರುವಾಯ ಹಣ ತಂದ ಸಾಲಗಾರನಿಗೆ ಬದಲಾಗಿ ಹರಾಜಿನಲ್ಲಿ ಕೊಂಡವರ ಪಕ್ಷವನ್ನು ಎತ್ತಿಹಿಡಿಯಿತು. ಕೊಳ್ಳುವವನಿಗೆ ಇದು ನೆಮ್ಮದಿಯೇ ಸರಿ. ಆದರೆ 1908ರ ಸಿವಿಲ್ ಪ್ರೊಸೀಜರ್ ಕೋಡಿನ ಹರಾಜನ್ನು ನೆನೆದರೆ ಮನಸ್ಸು ಸ್ವಲ್ಪ ತಡೆಯುತ್ತದೆ. ಪರದೇಶದವರು ಬರೆದ ಕೋಡು ಅದು. ಅದರಲ್ಲಿ ಡಂಗುರ ಹೊಡೆಸಿ ಊರಿಗೆಲ್ಲ ಸಾರಬೇಕೆಂದಿತ್ತು. ಹರಾಜು ಮುಗಿದ ಮೇಲೂ ಒಡೆಯನು, ಈಗ ನಡೆಯುವಂತೆ 60 ದಿನಗಳೊಳಗೆ, ಸಾಲವನ್ನೂ, ಕೊಂಡವನಿಗೆ ಸಮಾಧಾನವಾಗಿ ಬೆಲೆಯ ಮೇಲೆ ಶೇಕಡಾ 5ನ್ನೂ ಕಟ್ಟಿ ಮನೆಯನ್ನು ಉಳಿಸಿಕೊಳ್ಳಬಹುದು. ಒಡೆಯನಿಗೂ ಕೊಂಡವನಿಗೂ ಅದರಲ್ಲಿ ಮೋಸವಿಲ್ಲ. ಸ್ವರಾಜ್ಯದಲ್ಲಿ ನಾವೇ ಬರೆದ ಕಾನೂನಿನಲ್ಲಿ ಆ ಕೊನೆಯ ಕಿಂಡಿಯನ್ನು ಮುಚ್ಚಿದ್ದೇವೆ. ಕಿಂಡಿ ಮುಚ್ಚಿದವನು ಮನೆಯೊಳಗೇ ಕುಳಿತು ಹಟ ಹಿಡಿಯುತ್ತಾನೆ. ಅದರ ಫಲವನ್ನು ಮತ್ತೆ ಕೊಂಡವನೇ ಉಣ್ಣುತ್ತಾನೆ.

ಅಮೆರಿಕಾ ದೇಶದಲ್ಲಿ ಇದಕ್ಕೆ ಬೇರೊಂದು ದಾರಿಯನ್ನು ಹಿಡಿದುದುಂಟು. 2008ರ ಸುಮಾರಿಗೆ ಅಲ್ಲಿ ಮನೆಗಳ ಬೆಲೆ ಕುಸಿದು, ಮನೆಯ ಬೆಲೆಗಿಂತ ಸಾಲವೇ ಹೆಚ್ಚಾಗಿ ನಿಂತಾಗ, ಒಡೆಯನೇ ಬ್ಯಾಂಕಿನ ಒಪ್ಪಿಗೆಯನ್ನು ಪಡೆದು, ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆಯನ್ನು ಮಾರಿ ಆ ಹಣವನ್ನು ಬ್ಯಾಂಕಿಗೆ ಒಪ್ಪಿಸುವ ಪದ್ಧತಿ ಬಹಳವಾಗಿ ಹಬ್ಬಿತು. ಷಾರ್ಟ್ ಸೇಲ್ ಎಂದು ಅದರ ಹೆಸರು. ಅದರಲ್ಲಿಯೂ ಕೊಳ್ಳುವವನಿಗೆ ತಾಪತ್ರಯವಿಲ್ಲದೆ ಇಲ್ಲ. ಬ್ಯಾಂಕಿನ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಕಾಯಬೇಕು. ಎರಡು ಬ್ಯಾಂಕುಗಳ ಸಾಲವಿದ್ದರೆ ಇಬ್ಬರೂ ಒಪ್ಪಬೇಕು. ಮನೆಯನ್ನು ಇದ್ದಂತೆಯೇ ತೆಗೆದುಕೊಳ್ಳಬೇಕು, ದುರಸ್ತಿಗೆ ಯಾರೂ ಒಂದು ಕಾಸು ಕೊಡುವುದಿಲ್ಲ. ಆದರೆ ಮಾರುವವನು ಒಡೆಯನೇ. ಅವನೇ ಬಾಗಿಲು ತೆರೆದು ಮನೆಯನ್ನು ತೋರಿಸುತ್ತಾನೆ, ಅವನೇ ಪತ್ರಕ್ಕೆ ಸಹಿ ಹಾಕುತ್ತಾನೆ, ಅವನೇ ಬೀಗದ ಕೈಯನ್ನು ಕೊಡುತ್ತಾನೆ. 2010ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರವು ಈ ಬಗೆಯ ವಿಕ್ರಯಗಳಿಗಾಗಿ ಒಂದು ಯೋಜನೆಯನ್ನು ಹೂಡಿ, ಮನೆ ಬಿಟ್ಟುಹೋಗುವ ಒಡೆಯನ ಸಾಗಣೆಯ ವೆಚ್ಚಕ್ಕೆಂದು 3,000 ಡಾಲರುಗಳನ್ನು ಗೊತ್ತುಮಾಡಿತು. ಕ್ಯಾಲಿಫೋರ್ನಿಯಾ ಸಂಸ್ಥಾನದವರು 2011ರಲ್ಲಿ, ಬ್ಯಾಂಕು ಹೀಗೆ ಮಾರಲು ಒಪ್ಪಿದ ವಾಸದ ಮನೆಗಳ ವಿಷಯದಲ್ಲಿ ಉಳಿದ ಸಾಲಕ್ಕಾಗಿ ಒಡೆಯನ ಬೆನ್ನು ಹತ್ತಕೂಡದೆಂದು ಶಾಸನ ಮಾಡಿದರು.

ನಮ್ಮಲ್ಲಿ ಇದಕ್ಕೆ ಅಡ್ಡಿಯೇನೂ ಇಲ್ಲ. ಖಾಸಗಿ ಒಪ್ಪಂದದಿಂದ ಮಾರುವ ದಾರಿಯನ್ನು ನಮ್ಮ ನಿಯಮಗಳೇ ಹೇಳಿವೆ. ಒಂದೇ ಸಲದ ತೀರುವಳಿಯೆಂಬ ಪದ್ಧತಿ ಎಲ್ಲ ಬ್ಯಾಂಕುಗಳಲ್ಲಿಯೂ ಇದೆ. ಕೊಳ್ಳುವವನನ್ನು ಒಡೆಯನೇ ಹುಡುಕಿ ತಂದರೆ, ಮೂವರೂ ಒಂದು ಮೇಜಿನ ಸುತ್ತ ಕುಳಿತು, ಭೋಗ್ಯದವನಿಗೂ ಒಂದು ಪಾಲನ್ನು ಗೊತ್ತುಮಾಡಿ ವ್ಯವಹಾರವನ್ನು ಮುಗಿಸಬಹುದು. ಹರಾಜಿನಲ್ಲಿ ಬೆಲೆ ಬಿದ್ದರೆ ಒಡೆಯನಿಗೂ ಲಾಭವಿಲ್ಲ. ಉಳಿದ ಸಾಲಕ್ಕಾಗಿ ಬ್ಯಾಂಕು ಮತ್ತೆ ಅವನ ಮೇಲೆ ನ್ಯಾಯಾಧಿಕರಣಕ್ಕೆ ಹೋಗಬಹುದು. ಹೀಗಿದ್ದರೂ ಅಧಿಕಾರಿಗಳು ಹರಾಜನ್ನೇ ಆರಿಸುವುದು ಏಕೆ? ಹರಾಜಿನಲ್ಲಿ ಬೆಲೆ ಎಷ್ಟಾದರೂ ಯಾರೂ ಪ್ರಶ್ನಿಸರು. ಮಾತುಕತೆಯಲ್ಲಿ ಒಂದು ಲಕ್ಷ ಬಿಟ್ಟರೆ ನಾಳೆ ವಿಚಾರಣೆ ಬಂದೀತೆಂಬ ಭಯ. ಈ ಭಯ ಆಧಾರವಿಲ್ಲದ್ದೆಂದು ನಾವು ಹೇಳುವುದಿಲ್ಲ. ಸದುದ್ದೇಶದಿಂದ ತೀರ್ಮಾನ ಮಾಡಿದ ಮ್ಯಾನೇಜರನನ್ನು ಕಾಪಾಡುವ ಸ್ಪಷ್ಟವಾದ ಸುತ್ತೋಲೆಯನ್ನು ಬ್ಯಾಂಕಿನ ಮುಖ್ಯಸ್ಥರು ಹೊರಡಿಸಲಿ.

ಬ್ಯಾಂಕಿನವರನ್ನು ನಾವು ಕೇಳುವುದು ಹೆಚ್ಚೇನೂ ಅಲ್ಲ. ವಾಸದ ಮನೆಯನ್ನು ಹರಾಜಿಗೆ ತರುವ ಮೊದಲು ಭೌತಿಕ ಸ್ವಾಧೀನವನ್ನು ತಾವೇ ಪಡೆಯಲಿ. ಜಿಲ್ಲಾಧಿಕಾರಿಗಳ ಮುಂದೆ ನಿಲ್ಲುವುದು, ಒಳಗಿನವರ ಅಹವಾಲನ್ನು ಕೇಳುವುದು, ಇವು ವಕೀಲರೂ ಸಿಬ್ಬಂದಿಯೂ ಇರುವ ಬ್ಯಾಂಕಿನ ಕೆಲಸ, ನಿವೃತ್ತ ಉಪಾಧ್ಯಾಯನ ಕೆಲಸವಲ್ಲ. ಹಾಗೆ ಮಾಡಿದರೆ ಮನೆಗೆ ಹೆಚ್ಚು ಬೆಲೆಯೂ ಬರುತ್ತದೆಂಬುದನ್ನು ವ್ಯಾಪಾರ ಬಲ್ಲವರಿಗೆ ನಾವು ಹೇಳಿಕೊಡಬೇಕಾಗಿಲ್ಲ. 2025ರ ಜನವರಿಯಿಂದ ಸರ್ಕಾರಿ ಬ್ಯಾಂಕುಗಳ ಹರಾಜಿನ ಆಸ್ತಿಗಳೆಲ್ಲ ಬ್ಯಾಂಕ್‌ನೆಟ್ ಎಂಬ ಒಂದೇ ಜಾಲತಾಣದಲ್ಲಿ ಕಾಣುವಂತೆ ಕೇಂದ್ರ ಸರ್ಕಾರದವರು ಏರ್ಪಡಿಸಿದ್ದಾರೆ. ಮನೆಯ ಚಿತ್ರವನ್ನು ತೋರಿಸುವ ಆ ಜಾಲತಾಣದಲ್ಲಿಯೇ ಒಳಗೆ ವಾಸವಾಗಿರುವವರು ಯಾರೆಂಬ ಒಂದು ಸಾಲನ್ನು ಕನ್ನಡದಲ್ಲಿ ಸೇರಿಸಿದರೆ ಎಷ್ಟೋ ಮನೆಗಳು ಉಳಿದಾವು.

ನಮ್ಮ ಮಟ್ಟಿಗೆ ಒಂದು ನಿಶ್ಚಯವನ್ನು ಮಾಡಿದ್ದೇವೆ. ಬರುವ ಸೋಮವಾರದಿಂದ ಈ ಪತ್ರಿಕೆಯಲ್ಲಿ ಅಚ್ಚಾಗುವ ಪ್ರತಿಯೊಂದು ಹರಾಜು ಪ್ರಕಟಣೆಯ ನೆತ್ತಿಯ ಮೇಲೆ, ಬ್ಯಾಂಕಿನ ಹೆಸರಿಗೆ ಹಾಕುವಷ್ಟೇ ದಪ್ಪ ಅಕ್ಷರಗಳಲ್ಲಿ, ಬೀಗದ ಕೈ ಬ್ಯಾಂಕಿನ ಬಳಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಗನ್ನಡದಲ್ಲಿ ಹಾಕಿಸುವೆವು. ಆ ಒಂದು ಸಾಲಿಗೆ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಒಪ್ಪದ ಬ್ಯಾಂಕಿನವರ ಪ್ರಕಟಣೆಯನ್ನು ಹಣದೊಡನೆ ಹಿಂದಿರುಗಿಸುವೆವು. ಉಪಾಧ್ಯಾಯರ ಅರ್ಜಿಯ ನಕಲೊಂದನ್ನು ಅವರ ಅನುಮತಿಯಿಂದ ನಾವು ಇಟ್ಟುಕೊಂಡಿದ್ದೇವೆ; ಈ ಸಂಚಿಕೆಯೊಡನೆ ಅದು ಜಿಲ್ಲಾಧಿಕಾರಿಗಳ ಕಚೇರಿಗೆ ಇಂದೇ ಹೋಗುತ್ತದೆ.